ಬೆಳ್ಳುಳ್ಳಿ ಸೀಯಬಾರದು, ತರಕಾರಿ ನೀರಾಗಬಾರದು: ಹುರಿಯುವ ಕ್ರಮ, ಹಂತ ಹಂತವಾಗಿ

ಬೆಳ್ಳುಳ್ಳಿ ಹಾಕಿ ತರಕಾರಿ ಹುರಿಯುವುದು ನೋಡಲು ಸುಲಭ. ಕೆಡುವುದೂ ಇದೇ ಜಾಸ್ತಿ. ದೂರುಗಳು ಎರಡೇ. ಒಂದೋ ಬೆಳ್ಳುಳ್ಳಿ ಕಪ್ಪಗಾಗಿ ಬಾಣಲೆಯಲ್ಲಿದ್ದದ್ದೆಲ್ಲ ಕಹಿಯಾಗುತ್ತದೆ, ಇಲ್ಲಾ ತರಕಾರಿ ನೀರು ಬಿಟ್ಟುಕೊಂಡು ಮೆತ್ತಗೆ ಕೂರುತ್ತದೆ. ಎರಡೂ ಒಂದೇ ದಿನ ಆಗುವುದೂ ಉಂಟು.

ನಾನೂ ಬೇಕಾದಷ್ಟು ಸಲ ಕೆಡಿಸಿದ್ದೇನೆ. ಎಣ್ಣೆ ಹೊಗೆಯಾಡುತ್ತಿರುವಾಗ ಬೆಳ್ಳುಳ್ಳಿ ಸುರಿದು, ಆಮೇಲೆ ಬೀನ್ಸ್ ತುದಿ ಮುರಿಯಲು ಕೂತದ್ದು ಚೆನ್ನಾಗಿ ನೆನಪಿದೆ. ತಿರುಗಿ ನೋಡುವಷ್ಟರಲ್ಲಿ ಬಾಣಲೆ ತುಂಬ ಇದ್ದಿಲ ಚೂರು.

ಯೋಚಿಸಿ ನೋಡಿದರೆ ತಪ್ಪಿನ ಬೇರು ಒಂದೇ. ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿಗೆ ಬಿಸಿ ಎಣ್ಣೆಯಲ್ಲಿ ಹೆಚ್ಚೆಂದರೆ ಒಂದು ನಿಮಿಷ ಸಾಕು. ಬೀನ್ಸ್‌ಗೆ ಏಳೆಂಟು ನಿಮಿಷ ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ಸೀಯಲೇಬೇಕು, ಇಲ್ಲವೇ ಇನ್ನೊಂದು ಹಸಿ ಉಳಿಯಲೇಬೇಕು. ಹಾಗಾಗಿ ಇಲ್ಲಿ ಬರುವ ಹಂತಗಳೆಲ್ಲ ಎರಡೇ ವಿಷಯದ ಸುತ್ತ ಇವೆ: ಯಾವುದು ಯಾವಾಗ ಬಾಣಲೆಗೆ ಬೀಳಬೇಕು, ನೀರನ್ನು ಎಲ್ಲಿ ತಡೆಯಬೇಕು.

## ಶುರು ಮಾಡುವ ಮುಂಚೆ ಕೈಗೆ ಸಿಗುವಂತೆ ಇರಲಿ

ಅರ್ಧ ಕೆಜಿ ತರಕಾರಿಗೆ ಆರರಿಂದ ಎಂಟು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಟೀ ಚಮಚ ಉಪ್ಪು. ಬೆಳ್ಳುಳ್ಳಿ ಇಷ್ಟ ಎಂದು ಹದಿನೈದು ಎಸಳು ಹಾಕುವವರಿದ್ದಾರೆ. ಹಾಕಿ, ತಪ್ಪೇನಿಲ್ಲ, ಆದರೆ ಕ್ರಮ ಕೈಗೆ ಹತ್ತಿದ ಮೇಲೆ.

ಬಾಣಲೆ ಅಗಲವಾಗಿರಬೇಕು, 26ರಿಂದ 28 ಸೆಂಟಿಮೀಟರ್. ತಳ ದಪ್ಪ ಇದ್ದರೆ ಒಳ್ಳೆಯದು. ತೆಳು ತಳದಲ್ಲಿ ಉರಿ ತಾಗುವ ಜಾಗ ಮಾತ್ರ ಕಾದು, ಅಲ್ಲಿ ಬಿದ್ದ ಬೆಳ್ಳುಳ್ಳಿ ಮೊದಲು ಸೀಯುತ್ತದೆ. ಕಬ್ಬಿಣದ ಬಾಣಲೆ ತಡವಾಗಿ ಕಾಯುತ್ತದೆ, ಉರಿ ಆರಿಸಿದ ಮೇಲೂ ತುಂಬ ಹೊತ್ತು ಕಾದೇ ಇರುತ್ತದೆ. ಅದನ್ನು ಲೆಕ್ಕದಲ್ಲಿಡಿ. ನಾನ್‌ಸ್ಟಿಕ್ ಆದರೆ ಬರಿ ಬಾಣಲೆಯನ್ನು ಜೋರು ಉರಿಯಲ್ಲಿ ಕಾಯಿಸಬೇಡಿ, ಲೇಪ ಹಾಳಾಗುತ್ತದೆ.

ಇವುಗಳ ಜೊತೆ ಹರಿತವಾದ ಚಾಕು, ಮರದ ಸೌಟು, ತೂತಿನ ಸೌಟು, ಮುಚ್ಚಳ, ಎರಡು ಒಣ ಬಟ್ಟೆ, ಒಂದು ಖಾಲಿ ತಟ್ಟೆ. ಈ ಖಾಲಿ ತಟ್ಟೆ ಯಾಕೆ ಎಂಬುದು ಹಂತ 5ರಲ್ಲಿ ಗೊತ್ತಾಗುತ್ತದೆ. ಅದನ್ನು ಮರೆತವರೇ ಬೆಳ್ಳುಳ್ಳಿ ಸೀಯಿಸುವುದು.

## ಹಂತ 1: ತೊಳೆಯಿರಿ, ಆಮೇಲೆ ನಿಜವಾಗಿಯೂ ಒಣಗಿಸಿ

ಎಲೆಕೋಸು, ಹೂಕೋಸು, ಪಾಲಕ್ ಇವೆಲ್ಲ ನೂರಕ್ಕೆ 90 ಭಾಗಕ್ಕೂ ಮೀರಿ ನೀರೇ. ಅದರ ಮೇಲೆ ತೊಳೆದ ನೀರೂ ಸೇರಿದರೆ ಬಾಣಲೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ.

ಕಾರಣ ಸರಳ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ತರಕಾರಿ ಚೆನ್ನಾಗಿ ಕೆಂಪಗಾಗಬೇಕಾದರೆ ಅದರ ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ತರಕಾರಿ ನೀರಲ್ಲಿ ಕೂತಿರುವಷ್ಟು ಹೊತ್ತು ಆ ಬಿಸಿ ಅದಕ್ಕೆ ತಾಗುವುದೇ ಇಲ್ಲ. ಉರಿ ಎಷ್ಟು ಜೋರು ಮಾಡಿದರೂ ಅಷ್ಟೇ.

ಹೆಚ್ಚುವ ಮುಂಚೆಯೇ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಕತ್ತರಿಸಿದ ಜಾಗದಲ್ಲಿ ನೀರು ನಿಲ್ಲುತ್ತದೆ, ರುಚಿಯೂ ನೀರಿನ ಜೊತೆ ಹೋಗುತ್ತದೆ. ಸೊಪ್ಪನ್ನು ದೊಡ್ಡ ಪಾತ್ರೆಯ ನೀರಲ್ಲಿ ಮುಳುಗಿಸಿ, ಕೈಯಲ್ಲಿ ಮೇಲೆತ್ತಿ. ನೀರಿನ ಸಮೇತ ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ನೀರು ಬದಲಿಸಿ ಎರಡು ಮೂರು ಸಲ ಹೀಗೆ ಮಾಡಿ.

ಆಮೇಲೆ ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ಬಿಡಿ, ಇಲ್ಲವೇ ಒರೆಸಿ. ಒಂದು ತುಂಡು ತೆಗೆದು ಕಾಗದದ ಮೇಲೆ ಒತ್ತಿ ನೋಡಿ. ಒದ್ದೆ ಗುರುತು ಬಿದ್ದರೆ ಇನ್ನೂ ಹೊತ್ತು ಬೇಕು.

## ಹಂತ 2: ಒಂದೇ ಅಳತೆಗೆ ಹೆಚ್ಚಿ

ಒಂದು ತುಂಡು ಹೆಬ್ಬೆರಳಿನಷ್ಟು, ಇನ್ನೊಂದು ಕಡಲೆ ಕಾಳಿನಷ್ಟು ಇದ್ದರೆ ಯಾವ ಬಾಣಲೆಯೂ ಸರಿ ಮಾಡಲಾರದು. ಕ್ಯಾರೆಟ್‌ನಂಥ ಗಟ್ಟಿಯದನ್ನು ಚಿಕ್ಕದಾಗಿ, ಕ್ಯಾಪ್ಸಿಕಂ, ಕುಂಬಳದಂಥ ಬೇಗ ಬೇಯುವುದನ್ನು ದಪ್ಪಗೆ ಹೆಚ್ಚಿ. ಸೊಪ್ಪಿನ ದಂಟು ಬೇರೆ, ಎಲೆ ಬೇರೆ. ಎರಡನ್ನೂ ಬೆರೆಸಿಟ್ಟರೆ ದಂಟು ಬೇಯುವಷ್ಟರಲ್ಲಿ ಎಲೆ ಕಥೆ ಮುಗಿದಿರುತ್ತದೆ.

ಎಲ್ಲವನ್ನೂ ಹೆಚ್ಚಿ ಮುಗಿಸಿದ ಮೇಲೆಯೇ ಒಲೆ ಹಚ್ಚಿ. ಇದರಲ್ಲಿ ರಿಯಾಯಿತಿ ಇಲ್ಲ.

## ಹಂತ 3: ಬೆಳ್ಳುಳ್ಳಿಯನ್ನು ಸಿದ್ಧ ಮಾಡುವುದು

ಗಡ್ಡೆಯನ್ನು ಕೈಯಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ, ಭಾರವಾಗಿ ಇರಬೇಕು. ಒತ್ತಿದಾಗ ಟೊಳ್ಳು ಅನಿಸಿದರೆ ಒಳಗೆ ಒಣಗಿದೆ. ಕಪ್ಪು ಬೂಷ್ಟು ಹಿಡಿದದ್ದು, ಹಳದಿಯಾಗಿ ಮೆತ್ತಗಾದದ್ದು ಬೇಡ. ಎಸಳಿನ ನಡುವೆ ಹಸಿರು ಮೊಳಕೆ ಇದ್ದರೆ ಉದ್ದಕ್ಕೆ ಸೀಳಿ ತೆಗೆದುಬಿಡಿ. ಅದು ಅಪಾಯವಲ್ಲ, ಆದರೆ ಸ್ವಲ್ಪ ಕಹಿ.

ಸಿಪ್ಪೆ ಬಿಡಿಸಲು ಉಗುರು ನೋಯಿಸಿಕೊಳ್ಳಬೇಡಿ. ಎಸಳಿನ ಬುಡ ಕತ್ತರಿಸಿ, ಚಾಕುವಿನ ಅಗಲ ಭಾಗ ಮೇಲಿಟ್ಟು ಅಂಗೈಯಿಂದ ಒಮ್ಮೆ ಒತ್ತಿ. ಸಿಪ್ಪೆ ಟಪ್ ಎಂದು ಬಿಡುತ್ತದೆ. ಎಸಳು ಒಡೆಯಬಾರದು ಅಂದರೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬಿಡಿಸಿದ ಮೇಲೆ ಚೆನ್ನಾಗಿ ಒರೆಸಿ. ಒದ್ದೆ ಬೆಳ್ಳುಳ್ಳಿ ಎಣ್ಣೆಗೆ ಬಿದ್ದರೆ ಮುಖಕ್ಕೇ ಸಿಡಿಯುತ್ತದೆ.

ಈಗ ಮುಖ್ಯ ವಿಷಯ: ಹೇಗೆ ಹೆಚ್ಚುತ್ತೀರಿ ಎಂಬುದರ ಮೇಲೆ ರುಚಿ ನಿಂತಿದೆ. ಇಡೀ ಎಸಳಿಗೆ ಘಾಟು ಇರುವುದೇ ಇಲ್ಲ, ಮೂಸಿ ನೋಡಿ ಬೇಕಾದರೆ. ಅದರೊಳಗೆ ಅಲಿಯಿನ್ ಎಂಬ ವಸ್ತು ಒಂದು ಕಡೆ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಚಾಕು ಬಿದ್ದು ಜೀವಕೋಶ ಒಡೆದಾಗ ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಘಾಟು ಅದರದೇ. ಜಾಸ್ತಿ ಒಡೆದಷ್ಟೂ ಘಾಟು ಜಾಸ್ತಿ.

ಹಾಗಾಗಿ ಇಡೀ ಎಸಳು ಬೇಯಿಸಿದರೆ ಸಿಹಿ, ಮೃದು. ತೆಳುವಾದ ಬಿಲ್ಲೆಗಳು ಮಧ್ಯಮ. ಜಜ್ಜಿದ್ದು, ಅರೆದದ್ದು ಜೋರು. ಸೀಯುವುದೂ ಇದೇ ಲೆಕ್ಕದಲ್ಲಿ: ಅರೆದ ಬೆಳ್ಳುಳ್ಳಿ ಬಿಸಿ ಎಣ್ಣೆಯಲ್ಲಿ ಕೆಲವೇ ಸೆಕೆಂಡಿನಲ್ಲಿ ತಳ ಹಿಡಿಯುತ್ತದೆ. ಕಲಿಯುವವರಿಗೆ ನನ್ನ ಸಲಹೆ ಬಿಲ್ಲೆ. ಎರಡು ಮಿಲಿಮೀಟರ್ ದಪ್ಪ, ಎಲ್ಲವೂ ಒಂದೇ ಸಮ. ಬಣ್ಣ ಬದಲಾಗುವುದು ಕಣ್ಣಿಗೆ ಕಾಣುತ್ತದೆ, ಬೇಕಾದಾಗ ಹೆಕ್ಕಿ ತೆಗೆಯಲೂಬಹುದು.

ಜಜ್ಜಿ ಹಾಕುವುದಾದರೆ ಜಜ್ಜಿದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಬಿಸಿ ತಾಗಿದ ಕೂಡಲೇ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಅದಕ್ಕೆ ಮುಂಚೆ ಘಾಟು ಕಟ್ಟಲು ಅಷ್ಟು ಹೊತ್ತು ಕೊಡಬೇಕು.

## ಹಂತ 4: ಗಟ್ಟಿ ತರಕಾರಿಗೆ ಒಂದು ಕುದಿ

ಬೀನ್ಸ್, ಹೂಕೋಸು, ಬ್ರೊಕೊಲಿ, ಕ್ಯಾರೆಟ್ ಇವುಗಳಿಗೆ ಮಾತ್ರ ಈ ಹಂತ. ಎಲೆಕೋಸು, ಸೊಪ್ಪು, ಕ್ಯಾಪ್ಸಿಕಂ, ಬೆಂಡೆ ಇದ್ದರೆ ನೇರ ಮುಂದಿನ ಹಂತಕ್ಕೆ ಹೋಗಿ.

ಎರಡು ಲೀಟರ್ ನೀರು ಕುದಿಸಿ, ಒಂದು ದೊಡ್ಡ ಚಮಚ ಉಪ್ಪು ಹಾಕಿ. ಕುದಿಯುವ ನೀರಿಗೆ ತರಕಾರಿ ಹಾಕಿ ಒಂದೂವರೆಯಿಂದ ಎರಡು ನಿಮಿಷ, ಮುಚ್ಚಳ ಇಲ್ಲದೆ. ಬೀನ್ಸ್ ಹೊಳೆಯುವ ಹಸಿರಾಗುತ್ತದೆ. ಕಚ್ಚಿದರೆ ಹೊರಗೆ ಮೆತ್ತಗೆ, ನಡುವೆ ಇನ್ನೂ ಕರುಂ ಅನ್ನಬೇಕು. ಆ ಕ್ಷಣವೇ ಸೋಸಿ ತಣ್ಣೀರಿಗೆ ಹಾಕಿ. ಹಾಗೇ ಬಿಟ್ಟರೆ ಒಳಗಿನ ಬಿಸಿಗೇ ಬೇಯುತ್ತಾ ಹೋಗುತ್ತದೆ.

ತಣ್ಣಗಾದ ಕೂಡಲೇ ತೆಗೆದು ಮತ್ತೆ ಒಣಗಿಸಿ. ಇಲ್ಲಿ ಸೋಮಾರಿತನ ಮಾಡಿದರೆ ಹಂತ 1ರ ಶ್ರಮವೆಲ್ಲ ನೀರುಪಾಲು, ಅಕ್ಷರಶಃ.

## ಹಂತ 5: ಎಣ್ಣೆ ಮತ್ತು ಬೆಳ್ಳುಳ್ಳಿ

ಜನ ಸೋಲುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಎಣ್ಣೆ ಕಾದ ಮೇಲೆ ಬೆಳ್ಳುಳ್ಳಿ ಹಾಕುವುದೇ ಎಲ್ಲರ ರೂಢಿ. ನಾನು ಹೇಳುವುದು ತಣ್ಣನೆಯ ಎಣ್ಣೆಯಲ್ಲಿ ಶುರು ಮಾಡಿ ಅಂತ. ಬಾಣಲೆಗೆ ಎಣ್ಣೆ, ಬೆಳ್ಳುಳ್ಳಿ ಬಿಲ್ಲೆ ಎರಡನ್ನೂ ಒಟ್ಟಿಗೆ ಹಾಕಿ, ಆಮೇಲೆ ಸಣ್ಣ ಉರಿ ಹಚ್ಚಿ. ಬಾಣಲೆಯನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಎಣ್ಣೆ ಒಂದು ಕಡೆ ಸೇರಿ ಬಿಲ್ಲೆಗಳು ಮುಳುಗುತ್ತವೆ.

ಈಗ ಬಾಣಲೆ ಬಿಟ್ಟು ಕದಲಬೇಡಿ. ಮೊದಲ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಪ್ರತಿ ಬಿಲ್ಲೆಯ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆಗಳು ಏಳುತ್ತವೆ. ಅದು ಬೆಳ್ಳುಳ್ಳಿಯೊಳಗಿನ ನೀರು ಹೊರಗೆ ಬರುವುದು. ಹಸಿ ಘಾಟು ಇಳಿದು ಸಿಹಿಯಾದ ವಾಸನೆ ಶುರುವಾಗುತ್ತದೆ. ಬಿಲ್ಲೆಯ ಅಚ್ಚ ಬಿಳುಪು ಮಂಕಾಗಿ ಅಂಚು ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಗುಳ್ಳೆಯೂ ಕಮ್ಮಿಯಾಗುತ್ತದೆ.

ಗುಳ್ಳೆ ಕಮ್ಮಿಯಾಯಿತು ಅಂದರೆ ನೀರು ಮುಗಿಯಿತು, ತಡೆಯುವವರು ಯಾರೂ ಇಲ್ಲ. ಅಲ್ಲಿಂದ ಹೊಂಬಣ್ಣಕ್ಕೆ ಕೆಲವು ಸೆಕೆಂಡು, ಹೊಂಬಣ್ಣದಿಂದ ಕಂದಿಗೆ ಇನ್ನೂ ಕೆಲವು ಸೆಕೆಂಡು. ಅಂಚು ಹುಲ್ಲಿನ ಬಣ್ಣ ಇರುವಾಗಲೇ ತೂತಿನ ಸೌಟಿನಲ್ಲಿ ಬಿಲ್ಲೆಗಳನ್ನು ಎತ್ತಿ ಆ ಖಾಲಿ ತಟ್ಟೆಗೆ ಹಾಕಿ. ಇನ್ನೂ ಸ್ವಲ್ಪ ಕೆಂಪಾಗಲಿ ಎಂದು ಕಾಯಬೇಡಿ. ತಟ್ಟೆಯಲ್ಲಿ ಕೂತೇ ಅದು ಇನ್ನೊಂದು ಬಣ್ಣ ಏರುತ್ತದೆ.

ಬೆಳ್ಳುಳ್ಳಿಯ ರುಚಿಯ ಬಹುಪಾಲು ಈಗ ಎಣ್ಣೆಯಲ್ಲಿದೆ. ತರಕಾರಿ ಹುರಿಯುವುದು ಅದೇ ಎಣ್ಣೆಯಲ್ಲಿ. ಬಿಲ್ಲೆಗಳು ವಾಪಸು ಬರುವುದು ಕಟ್ಟಕಡೆಗೆ.

ಜಜ್ಜಿದ ಬೆಳ್ಳುಳ್ಳಿಯೇ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬರಿ ಎಣ್ಣೆಯಲ್ಲಿ ತರಕಾರಿಯನ್ನು ಮುಕ್ಕಾಲು ಹುರಿಯಿರಿ. ಉರಿ ಇಳಿಸಿ, ತರಕಾರಿಯನ್ನು ಪಕ್ಕಕ್ಕೆ ಸರಿಸಿ ನಡುವೆ ಜಾಗ ಮಾಡಿ, ಅಲ್ಲಿ ಅರ್ಧ ಚಮಚ ಎಣ್ಣೆ ಬಿಟ್ಟು ಬೆಳ್ಳುಳ್ಳಿ ಹಾಕಿ. ಮೂವತ್ತು ಸೆಕೆಂಡು ಕೈಯಾಡಿಸಿ, ವಾಸನೆ ಬಂದ ಕೂಡಲೇ ಎಲ್ಲ ಸೇರಿಸಿ.

ಎಚ್ಚರಿಕೆಯ ಗುರುತು: ಹಾಕಿದ ಕೂಡಲೇ ಬೆಳ್ಳುಳ್ಳಿ ಚಟಪಟ ಎಂದು ಕುಣಿದು ಐದು ಸೆಕೆಂಡಿನಲ್ಲಿ ಅಂಚು ಕೆಂಪಾದರೆ ಎಣ್ಣೆ ಅತಿ ಬಿಸಿ. ಉರಿ ಇಳಿಸಿದರೆ ಸಾಲದು, ಬಾಣಲೆಯನ್ನೇ ಒಲೆಯಿಂದ ಎತ್ತಿ.

## ಹಂತ 6: ತರಕಾರಿಯ ಸರದಿ

ಬೆಳ್ಳುಳ್ಳಿ ತೆಗೆದ ಮೇಲೆ ಉರಿ ಜೋರು ಮಾಡಿ. ಒಂದು ತುಂಡು ಹಾಕಿ ಕಿವಿಗೊಡಿ. ಚುಯ್ ಎಂದು ಸದ್ದು ಬಂದರೆ ಹಾಕಬಹುದು. ಸದ್ದೇ ಇಲ್ಲದಿದ್ದರೆ ಇನ್ನಷ್ಟು ಕಾಯಿರಿ.

ಬಾಣಲೆಯ ತಳ ಅಲ್ಲಲ್ಲಿ ಕಾಣುವಷ್ಟು ಮಾತ್ರ ಹಾಕಿ. ಮೇಲೆ ಹೇಳಿದ ಅಳತೆಯ ಬಾಣಲೆಗೆ ಒಂದು ಸಲಕ್ಕೆ ಕಾಲು ಕೆಜಿ ಸರಿ. ಅರ್ಧ ಕೆಜಿ ಇದ್ದರೆ ಎರಡು ಸರದಿ. ಒಂದೇ ಸಲ ಸುರಿದರೆ ಬಾಣಲೆ ತಣ್ಣಗಾಗುತ್ತದೆ, ಆವಿಗೆ ಹೋಗಲು ದಾರಿ ಇರುವುದಿಲ್ಲ, ಅಡಿಯಲ್ಲಿ ನೀರು ಕೂಡುತ್ತದೆ. ನೀರಾಯಿತು ಅನ್ನುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ.

ಗಟ್ಟಿಯದು ಮೊದಲು. ಹಂತ 4 ಮಾಡದ ಕ್ಯಾರೆಟ್, ಹೂಕೋಸಿಗೆ ಎಂಟು ಹತ್ತು ನಿಮಿಷ ಬೇಕು. ಅರೆ ಬೇಯಿಸಿದ್ದರೆ ಮೂರು ನಾಲ್ಕು. ಎಲೆಕೋಸಿಗೆ ನಾಲ್ಕೈದು, ಕ್ಯಾಪ್ಸಿಕಂಗೆ ಮೂರು ನಾಲ್ಕು, ಸೊಪ್ಪಿಗೆ ಒಂದೆರಡು ನಿಮಿಷ. ಎಲ್ಲ ಬೆರೆಸಿ ಮಾಡುವಾಗ ಈ ಅಂಕಿಗಳನ್ನು ಹಿಂದಿನಿಂದ ಎಣಿಸಿ: ಹತ್ತು ನಿಮಿಷದ ಅಡುಗೆಯಲ್ಲಿ ಕ್ಯಾಪ್ಸಿಕಂ ಬೀಳಬೇಕಾದ್ದು ಆರನೆಯ ನಿಮಿಷಕ್ಕೆ.

ಹಾಕಿದ ಮೇಲೆ ಒಂದು ನಿಮಿಷ ಮುಟ್ಟಬೇಡಿ. ಸುಮ್ನೆ ಬಿಡಿ. ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೆ ಸದಾ ಕೈಯಾಡಿಸಿದರೆ ಯಾವ ತುಂಡೂ ತಳಕ್ಕೆ ತಾಗಿ ಕೆಂಪಾಗುವುದಿಲ್ಲ. ಒಂದು ಮಗ್ಗುಲು ಕೆಂಪಾದ ಮೇಲೆ ಮಗುಚಿ.

ಸದ್ದು ಕೇಳುತ್ತಿರಿ. ಚುರ್ರ್ ಎನ್ನುತ್ತಿದ್ದರೆ ಎಲ್ಲ ಸರಿ. ಅದು ಕೊತಕೊತ ಸದ್ದಿಗೆ ತಿರುಗಿದರೆ ನೀರು ನಿಂತಿದೆ ಅಂತ ಅರ್ಥ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

## ಹಂತ 7: ಉಪ್ಪು, ಹುಳಿ, ಮುಚ್ಚಳ

ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಶುರುವಿಗೇ ಹಾಕಿದರೆ ಎಲೆಕೋಸು, ಬದನೆ, ಅಣಬೆ ಬೇಗ ನೀರು ಬಿಡುತ್ತವೆ. ಕೆಂಪಾದ ಮೇಲೆ, ಇಳಿಸಲು ಎರಡು ನಿಮಿಷ ಇರುವಾಗ ಹಾಕಿ. ಸೊಪ್ಪಿಗೆ ಉಪ್ಪು ಬಾಡಿದ ಮೇಲೆಯೇ ಹಾಕಬೇಕು. ಬಾಣಲೆ ತುಂಬ ಇದ್ದ ಪಾಲಕ್ ಒಂದು ಹಿಡಿಯಷ್ಟಾಗುತ್ತದೆ. ಮೊದಲ ಗಾತ್ರ ನೋಡಿ ಉಪ್ಪು ಹಾಕಿದವರು ಆಮೇಲೆ ನೀರು ಕುಡಿಯುತ್ತಾ ಕೂರಬೇಕು.

ನಿಂಬೆರಸ, ಟೊಮೆಟೊ, ಯಾವುದೇ ಹುಳಿ ಹಸಿರು ತರಕಾರಿಯ ಬಣ್ಣ ಕೆಡಿಸುತ್ತದೆ. ಹಸಿರು ಬಣ್ಣದ ಕ್ಲೋರೋಫಿಲ್‌ನಲ್ಲಿ ಮೆಗ್ನೀಷಿಯಂ ಇದೆ. ಹುಳಿ ಮತ್ತು ಬಿಸಿ ಸೇರಿ ಅದನ್ನು ಕಿತ್ತುಹಾಕಿದಾಗ ಹಸಿರು ಹೋಗಿ ಕೊಳೆತ ಎಲೆಯ ಬಣ್ಣ ಬರುತ್ತದೆ. ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ, ತಿನ್ನುವ ಹೊತ್ತಿಗೆ.

ಮುಚ್ಚಳವೂ ಅದೇ ಕೆಲಸ ಮಾಡುತ್ತದೆ. ಬೇಯುವಾಗ ತರಕಾರಿಯಿಂದ ಬರುವ ಹುಳಿಯ ಆವಿ ಹೊರಗೆ ಹೋಗದೆ ವಾಪಸು ಅದರ ಮೇಲೇ ಬೀಳುತ್ತದೆ. ಕ್ಯಾರೆಟ್ ಬೇಯಲಿಲ್ಲ ಅಂದರೆ ಎರಡು ಚಮಚ ನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿ, ಆಮೇಲೆ ತೆರೆದು ನೀರು ಆರಿಸಿ. ಬೀನ್ಸ್, ಬ್ರೊಕೊಲಿಗೆ ಮುಚ್ಚಳ ಬೇಡ.

## ಹಂತ 8: ಇಳಿಸುವುದು

ಚಾಕುವಿನ ತುದಿ ಸ್ವಲ್ಪ ತಡೆದು ಒಳಗೆ ಹೋದರೆ ಸಾಕು. ಪೂರ್ತಿ ಬೆಂದ ಮೇಲೆ ಇಳಿಸಿದರೆ ತಟ್ಟೆಗೆ ಬರುವಷ್ಟರಲ್ಲಿ ಜಾಸ್ತಿ ಬೆಂದಿರುತ್ತದೆ. ಉರಿ ಆರಿಸಿ, ತೆಗೆದಿಟ್ಟ ಬೆಳ್ಳುಳ್ಳಿ ಬಿಲ್ಲೆ ಸೇರಿಸಿ, ಎರಡು ಸಲ ಮಗುಚಿ, ಬೇರೆ ಪಾತ್ರೆಗೆ ಹಾಕಿ. ಬಾಣಲೆಯಲ್ಲೇ ಬಿಡುವುದು, ಅದರಲ್ಲೂ ಮುಚ್ಚಿ ಬಿಡುವುದು, ಮಾಡಿದ್ದನ್ನೆಲ್ಲ ಕೊನೆಯ ಗಳಿಗೆಯಲ್ಲಿ ಕೆಡಿಸಿಕೊಂಡಂತೆ.

## ಹಠಮಾರಿ ತರಕಾರಿಗಳು

ಅಣಬೆಯನ್ನು ಮೊದಲು ಎಣ್ಣೆ ಇಲ್ಲದ ಬಾಣಲೆಯಲ್ಲಿ ಹುರಿಯಿರಿ. ನೀರು ಬಿಟ್ಟು, ಆ ನೀರು ಆರಿದ ಮೇಲೆ ಬೆಳ್ಳುಳ್ಳಿ ಎಣ್ಣೆ ಹಾಕಿ.

ಬದನೆ ಎಣ್ಣೆಯನ್ನು ಸ್ಪಂಜಿನ ಹಾಗೆ ಹೀರುತ್ತದೆ. ಹೆಚ್ಚಿ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟು, ಹಿಂಡಿ ಒರೆಸಿ ಹುರಿದರೆ ಹೀರುವುದು ಕಮ್ಮಿ. ಇಲ್ಲಿ ಮಾತ್ರ ಉಪ್ಪು ಮೊದಲು. ಆಮೇಲೆ ಮತ್ತೆ ಹಾಕುವಾಗ ರುಚಿ ನೋಡಿ ಹಾಕಿ.

ಬೆಂಡೆಗೆ ಒಂದು ಹನಿ ನೀರೂ ಶತ್ರು. ಒರೆಸಿ, ಒಣ ಚಾಕುವಿನಲ್ಲಿ ಹೆಚ್ಚಿ, ಲೋಳೆ ಹೋಗುವವರೆಗೂ ಮುಚ್ಚಳ ಇಲ್ಲ, ಉಪ್ಪೂ ಇಲ್ಲ.

## ಕೈ ತಪ್ಪಿದಾಗ ಏನು ಮಾಡುವುದು

ಬೆಳ್ಳುಳ್ಳಿ ಕಪ್ಪಗಾಯಿತು. ಉಳಿಸುವ ದಾರಿ ಇಲ್ಲ. ಹೆಕ್ಕಿ ತೆಗೆದರೂ ಕಹಿ ಎಣ್ಣೆಗೆ ಇಳಿದಿರುತ್ತದೆ. ಎಣ್ಣೆ ಸಮೇತ ತೆಗೆದು, ಬಾಣಲೆ ಒರೆಸಿ ಹೊಸದಾಗಿ ಶುರು ಮಾಡಿ. ಎರಡು ಚಮಚ ಎಣ್ಣೆ ಉಳಿಸಲು ಹೋಗಿ ಅರ್ಧ ಕೆಜಿ ತರಕಾರಿ ಕೆಡಿಸಬೇಡಿ.

ನೀರು ನಿಂತಿದೆ. ಅರ್ಧ ತರಕಾರಿಯನ್ನು ತಟ್ಟೆಗೆ ತೆಗೆಯಿರಿ, ಉರಿ ಪೂರ್ತಿ ಜೋರು ಮಾಡಿ, ಉಳಿದದ್ದನ್ನು ಹರಡಿ ಬಿಡಿ. ನೀರು ಆರಿ ಚುರ್ರ್ ಸದ್ದು ವಾಪಸು ಬಂದ ಮೇಲೆ ಅರ್ಧ ಚಮಚ ಎಣ್ಣೆ ಬಿಡಿ.

ಹೊರಗೆ ಕೆಂಪು, ಒಳಗೆ ಹಸಿ. ತುಂಡು ದೊಡ್ಡದಾಯಿತು ಅಥವಾ ಹಂತ 4 ಬಿಟ್ಟುಹೋಯಿತು. ಸಣ್ಣ ಉರಿಯಲ್ಲಿ ನೀರು ಚಿಮುಕಿಸಿ ಮುಚ್ಚಿಡಿ.

ಬೆಳ್ಳುಳ್ಳಿ ನೀಲಿ ಅಥವಾ ಹಸಿರಾಯಿತು. ಹುಳಿ ತಾಗಿದಾಗ ಅದರೊಳಗಿನ ಗಂಧಕದ ಅಂಶಗಳಿಂದ ಹೀಗಾಗುತ್ತದೆ. ತಿನ್ನಬಹುದು, ಹೆದರಬೇಡಿ.

## ಬೆಳ್ಳುಳ್ಳಿ ಎಣ್ಣೆಯನ್ನು ಎತ್ತಿಡುವವರಿಗೆ

ಹಂತ 5ರ ಎಣ್ಣೆ ರುಚಿಯಾಗಿದೆ ಎಂದು ಒಂದು ಬಾಟಲಿ ಮಾಡಿ ಒಲೆ ಪಕ್ಕ ಇಡುವ ಆಸೆ ಬರುತ್ತದೆ. ಇಡಬೇಡಿ. ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವುದು. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅದಕ್ಕೆ ಅಂಟಿರಬಹುದು, ಮನೆಯ ಒಲೆಯ ಬಿಸಿಗೆ ಅವು ಸಾಯುತ್ತವೆ ಎಂದು ನಂಬುವಂತಿಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ, ಬೆಚ್ಚಗಿನ ಜಾಗ ಸಿಕ್ಕರೆ ಅವು ಬೆಳೆದು ವಿಷ ಉಂಟುಮಾಡುತ್ತವೆ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ ಸರಿಯಾಗಿ ಅಂಥದೇ ಜಾಗ. ವಾಸನೆ, ಬಣ್ಣ, ರುಚಿ ಯಾವುದರಲ್ಲೂ ಸುಳಿವು ಸಿಗದೇ ಹೋಗಬಹುದು.

ಅಂದಿನದನ್ನು ಅಂದೇ ಮುಗಿಸಿ. ಉಳಿದರೆ ಕೂಡಲೇ ಫ್ರಿಜ್‌ಗೆ, ನಾಲ್ಕು ದಿನದೊಳಗೆ ಖಾಲಿ ಮಾಡಿ. ಜಾಸ್ತಿ ದಿನ ಬೇಕಾದರೆ ಐಸ್ ತಟ್ಟೆಯ ಗುಳಿಗಳಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಅಡುಗೆಗೆ ಒಂದೊಂದೇ ತುಂಡು ತೆಗೆದು ನೇರ ಬಾಣಲೆಗೆ ಹಾಕಿದರಾಯಿತು. ಬಿಡಿಸದ ಗಡ್ಡೆಗಳಿಗೆ ಮಾತ್ರ ಫ್ರಿಜ್ ಬೇಡ, ತಂಪಿಗೆ ಬೇಗ ಮೊಳೆಯುತ್ತವೆ. ಗಾಳಿಯಾಡುವ ಬುಟ್ಟಿಯಲ್ಲಿ, ಒಣ ಜಾಗದಲ್ಲಿ ಇಡಿ.